ಬಯಲುಸೀಮೆಯಿಂದ ಕೂರ್ಮಗಡದ ನರಸಿಂಹ ಜಾತ್ರೆಗೆ: ಮನೆ ಬಿಡುವಾಗಿನಿಂದ ಮರಳಿ ದಡ ಸೇರುವವರೆಗೆ

ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಮರುದಿನದಿಂದಲೇ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಕಾರವಾರದ ಸಮುದ್ರದೊಳಗಿನ ಕೂರ್ಮಗಡದ ಜಾತ್ರೆಗೆ ಹೋಗುವುದು ಹೇಗೆ, ದೋಣಿ ಎಲ್ಲಿ ಸಿಗುತ್ತದೆ, ಮಕ್ಕಳನ್ನು ಕರೆದೊಯ್ಯಬಹುದೇ, ಹರಕೆಗೆ ಏನು ಒಯ್ಯಬೇಕು ಎಂದು ಕೇಳುವವರಲ್ಲಿ ಹೆಚ್ಚಿನವರು ಸಮುದ್ರವನ್ನು ದಂಡೆಯ ಮೇಲೆ ನಿಂತು ನೋಡಿದವರೇ ಹೊರತು ಅದರ ಮೇಲೆ ಪ್ರಯಾಣ ಮಾಡಿದವರಲ್ಲ. ಆದ್ದರಿಂದ ಈ ಲೇಖನವನ್ನು ಸಮುದ್ರದ ಪರಿಚಯವೇ ಇಲ್ಲದ ಒಂದು ಕುಟುಂಬವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ.

ಕೂರ್ಮಗಡವು ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುವ ಕಡೆಯಲ್ಲಿ, ಕಾರವಾರದ ದಡದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ ಸಣ್ಣ ದ್ವೀಪ. ದೂರದಿಂದ ಆಮೆಯ ಬೆನ್ನಿನಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಅಲ್ಲಿರುವ ನರಸಿಂಹನ ಗುಡಿಗೆ ವರ್ಷಕ್ಕೊಮ್ಮೆ, ಪುಷ್ಯ ಮಾಸದ ಹುಣ್ಣಿಮೆಯಂದು, ಜಾತ್ರೆ ನಡೆಯುತ್ತದೆ. ಹರಿಕಂತ್ರ, ಖಾರ್ವಿ, ಗಾಬೀತ, ಅಂಬಿಗ ಮೊದಲಾದ ಕಡಲ ಮಕ್ಕಳ ಪಾಲಿಗೆ ಈ ನರಸಿಂಹ ನೀರಿನ ಮೇಲೆ ತಮ್ಮನ್ನು ಕಾಯುವ ದೇವರು. ಅವರು ದೋಣಿಗಳನ್ನು ತೊಳೆದು, ಹೂವು ಮತ್ತು ಪತಾಕೆಗಳಿಂದ ಸಿಂಗರಿಸಿ, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ದ್ವೀಪಕ್ಕೆ ಹೋಗಿ, ಬಾಳೆಗೊನೆಯನ್ನು ಅರ್ಪಿಸಿ, ಬಲೆ ತುಂಬುವಂತೆಯೂ ಹೋದವರು ಹಾಗೆಯೇ ಮರಳಿ ಬರುವಂತೆಯೂ ಬೇಡಿಕೊಳ್ಳುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ಪೂಜೆ ಬೇರೆ, ಈ ಜಾತ್ರೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಆಗಸ್ಟ್ ತಿಂಗಳಲ್ಲಿ ಕೂರ್ಮಗಡದ ದೋಣಿ ಹುಡುಕಿಕೊಂಡು ಹೋಗಬೇಡಿ.

ಮುಂದುವರಿಯುವ ಮೊದಲು ಒಂದು ಸಂಗತಿಯನ್ನು ನೇರವಾಗಿ ಹೇಳಲೇಬೇಕು. 2019ರ ಜನವರಿ 21ರಂದು ಇದೇ ಜಾತ್ರೆ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಹೆಚ್ಚಿನವರು ಹಾವೇರಿ ಜಿಲ್ಲೆಯಿಂದ, ಅಂದರೆ ನಮ್ಮಂತೆಯೇ ಬಯಲುಸೀಮೆಯಿಂದ, ಬಂದವರಾಗಿದ್ದರು. ದೋಣಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಜನರಿದ್ದರು. ಆ ದುರಂತದ ನಂತರ ಜಾತ್ರೆಯ ದಿನದ ದೋಣಿ ಸಂಚಾರಕ್ಕೆ ಬಿಗಿಯಾದ ಕಟ್ಟುಪಾಡುಗಳು ಬಂದಿವೆ. ಆದರೆ ಕಟ್ಟುಪಾಡು ಎಷ್ಟೇ ಇದ್ದರೂ ದೋಣಿಗೆ ಕಾಲಿಡುವ ಗಳಿಗೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ನೀವು. ಹೀಗಾಗಿ ಈ ಮಾರ್ಗದರ್ಶಿಯಲ್ಲಿ ದೇವಸ್ಥಾನದ ಮಾತಿಗಿಂತ ದೋಣಿಯ ಮಾತೇ ಹೆಚ್ಚಾಗಿದೆ.

ಮೊದಲು ತಿಳಿದಿರಬೇಕಾದ ಕೆಲವು ಮಾತುಗಳು

ಧಕ್ಕೆಯಲ್ಲಿ ನಿಮ್ಮ ಕಿವಿಗೆ ಬೀಳುವ ಕೆಲವು ಶಬ್ದಗಳು ನಮ್ಮ ಕಡೆ ಬಳಕೆಯಲ್ಲಿಲ್ಲ. ದೋಣಿಗಳು ನಿಲ್ಲುವ, ಜನರು ಹತ್ತಿ ಇಳಿಯುವ ಕಟ್ಟೆಗೆ ಧಕ್ಕೆ ಎನ್ನುತ್ತಾರೆ. ಜಟ್ಟಿ ಎಂದರೂ ಅದೇ. ದೋಣಿಯನ್ನು ನಡೆಸುವ ಮುಖ್ಯಸ್ಥ ತಾಂಡೇಲ, ಅವನ ಕೈಕೆಳಗಿನವರು ಖಲಾಸಿಗಳು. ನದಿ ಸಮುದ್ರವನ್ನು ಕೂಡುವ ಬಾಯಿಗೆ ಅಳಿವೆ ಎಂದು ಹೆಸರು. ಸಮುದ್ರದ ನೀರು ಏರುವುದು ಉಬ್ಬರ, ಇಳಿಯುವುದು ಇಳಿತ. ಒಂದು ಏರಿಗೂ ಮುಂದಿನ ಇಳಿಗೂ ನಡುವೆ ಸುಮಾರು ಆರು ಗಂಟೆಗಳ ಅಂತರವಿರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳಂದು ಈ ಏರಿಳಿತ ಉಳಿದ ದಿನಗಳಿಗಿಂತ ಜೋರಾಗಿರುತ್ತದೆ. ಜಾತ್ರೆ ಹುಣ್ಣಿಮೆಯ ದಿನವೇ ಬರುವುದರಿಂದ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಯ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಹಂತ 1: ದಿನವನ್ನು ಪಂಚಾಂಗದಲ್ಲಿ ನೋಡಿ ಗೊತ್ತುಮಾಡಿಕೊಳ್ಳಿ

ಜಾತ್ರೆಯ ದಿನವನ್ನು ಇಂಗ್ಲಿಷ್ ತಾರೀಖಿನಿಂದ ಹಿಡಿಯಲು ಬರುವುದಿಲ್ಲ. ಪುಷ್ಯ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ, 2025ರಲ್ಲಿ ಜನವರಿ 13ಕ್ಕೆ, 2026ರಲ್ಲಿ ಜನವರಿ 3ಕ್ಕೆ ಬಂದಿತ್ತು. ನಮ್ಮವರಿಗೆ ಇದನ್ನು ಗುರುತಿಟ್ಟುಕೊಳ್ಳಲು ಸುಲಭದ ದಾರಿಯೆಂದರೆ ಬನದ ಹುಣ್ಣಿಮೆ: ಬಾದಾಮಿಯ ಬನಶಂಕರಿಯ ತೇರು ಎಳೆಯುವ ದಿನವೇ ಕೂರ್ಮಗಡದ ಜಾತ್ರೆಯ ದಿನ.

ಈ ಅನುಕೂಲದ ಜೊತೆಗೆ ಒಂದು ತೊಂದರೆಯೂ ಇದೆ. ಅದೇ ಹುಣ್ಣಿಮೆಗೆ ಬನಶಂಕರಿಗೂ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೂ ಜನಸಾಗರ ಹರಿಯುತ್ತದೆ, ಬಸ್ಸುಗಳೆಲ್ಲ ಆ ಕಡೆಗೆ ತಿರುಗಿರುತ್ತವೆ. ಹುಣ್ಣಿಮೆಯ ಹಿಂದಿನ ದಿನ ಸಂಜೆ ಬಸ್ ನಿಲ್ದಾಣಕ್ಕೆ ಬಂದು ಕಾರವಾರದ ಬಸ್ಸಿಗೆ ಕಾಯುವವರು ನಿರಾಶರಾಗುವುದು ಇದೇ ಕಾರಣಕ್ಕೆ. ಹಿಂದಿನ ದಿನ ಬೆಳಿಗ್ಗೆಯೇ ಊರು ಬಿಡಿ. ಮನೆಯಲ್ಲಿ ಬನಶಂಕರಿಗೆ ನಡೆದುಕೊಳ್ಳುವ ಪದ್ಧತಿಯಿದ್ದರೆ, ಆ ವರ್ಷ ಯಾವ ದೇವರಿಗೆ ಹೋಗುವುದೆಂದು ಹಿರಿಯರೊಡನೆ ಕೂತು ಮೊದಲೇ ಮಾತನಾಡಿಕೊಳ್ಳಿ. ಒಂದೇ ದಿನ ಎರಡನ್ನೂ ಮುಗಿಸುತ್ತೇವೆಂದು ಹೊರಟವರು ಧಕ್ಕೆಗೆ ತಡವಾಗಿ ತಲುಪುತ್ತಾರೆ, ತಡವಾದವರು ದುಡುಕುತ್ತಾರೆ.

ಹಂತ 2: ಯಾರು ದೋಣಿ ಹತ್ತಬೇಕು, ಯಾರು ದಡದಲ್ಲಿ ಉಳಿಯಬೇಕು

ಇದನ್ನು ಮನೆಯಲ್ಲಿಯೇ ತೀರ್ಮಾನಿಸಬೇಕು. ಧಕ್ಕೆಯ ಗದ್ದಲದಲ್ಲಿ ಯಾರಿಗೂ ಬೇಡ ಎನ್ನಲು ಮನಸ್ಸು ಬರುವುದಿಲ್ಲ.

ಕೈಗೂಸುಗಳು, ಅಳತೆಯ ಲೈಫ್ ಜಾಕೆಟ್ ಸಿಗದಷ್ಟು ಚಿಕ್ಕ ಮಕ್ಕಳು, ಬಸುರಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹೃದಯದ ತೊಂದರೆ ಅಥವಾ ಮೂರ್ಛೆರೋಗ ಇರುವವರು, ಮತ್ತೊಬ್ಬರ ಕೈ ಹಿಡಿಯದೆ ಮೆಟ್ಟಿಲು ಹತ್ತಲಾಗದ ವೃದ್ಧರು ದೋಣಿ ಹತ್ತುವುದು ಬೇಡ. ದೊಡ್ಡ ದೋಣಿಯು ದ್ವೀಪದ ಅಂಚಿನವರೆಗೆ ಹೋಗಲಾಗದಿದ್ದರೆ ನಡುನೀರಿನಲ್ಲಿ ಸಣ್ಣ ದೋಣಿಗೆ ದಾಟಬೇಕಾಗಬಹುದು. ಎರಡೂ ದೋಣಿಗಳು ಬೇರೆ ಬೇರೆ ಲಯದಲ್ಲಿ ತೂಗುತ್ತಿರುವಾಗ ಒಂದರಿಂದ ಇನ್ನೊಂದಕ್ಕೆ ಕಾಲು ಹಾಕುವುದು ಗಟ್ಟಿಮುಟ್ಟಾದವರಿಗೂ ಕಷ್ಟ.

ದಡದಲ್ಲಿ ಉಳಿಯುವವರಿಗೆ ಜಾತ್ರೆ ತಪ್ಪಿತೆಂದು ತಿಳಿಯಬೇಕಿಲ್ಲ. ಕಾಳಿ ನದಿಯ ಉತ್ತರ ದಂಡೆಯ ಮೇಲಿರುವ ಸದಾಶಿವಗಡದ ಗುಡ್ಡದಿಂದ ಅಳಿವೆ, ಸಮುದ್ರ, ದ್ವೀಪ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ; ಅಲ್ಲಿಯೇ ದುರ್ಗಾದೇವಿಯ ಗುಡಿಯೂ ಇದೆ. ನಗರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನೆರಳಿನಲ್ಲಿ ಕುಳಿತು ಸಿಂಗರಿಸಿದ ದೋಣಿಗಳ ಸಾಲನ್ನು ನೋಡುವುದೂ ಒಂದು ಪುಣ್ಯವೆಂದೇ ನನ್ನ ಭಾವನೆ. ಅಜ್ಜಿಯ ಹರಕೆಯನ್ನು ಮೊಮ್ಮಗ ಒಯ್ದು ಮುಟ್ಟಿಸಿದರೆ ದೇವರು ಒಲ್ಲೆ ಎನ್ನುವುದಿಲ್ಲ.

ಹಂತ 3: ಕಾರವಾರ ತಲುಪುವುದು

ವಿಜಯಪುರದವರಿಗೆ ದಾರಿ ನೇರವಾಗಿದೆ. ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾಯ್ದು ಅರಬೈಲ್ ಘಾಟಿನಲ್ಲಿ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ; ಅಲ್ಲಿಂದ ಉತ್ತರಕ್ಕೆ ಹೆದ್ದಾರಿ 66ರಲ್ಲಿ ಕಾರವಾರ. ಒಟ್ಟು ಪ್ರಯಾಣ 350 ಕಿ.ಮೀ.ಗೂ ಹೆಚ್ಚಾಗುವುದರಿಂದ ಒಂದೇ ರಾತ್ರಿಯಲ್ಲಿ ಹೋಗಿ ಬೆಳಿಗ್ಗೆ ದೋಣಿ ಹತ್ತುವ ಯೋಚನೆ ಬೇಡ. ಬಾಗಲಕೋಟೆಯವರು ಗದ್ದನಕೇರಿ ಕ್ರಾಸಿನಲ್ಲಿ ಇದೇ ಹೆದ್ದಾರಿಗೆ ಸೇರಿಕೊಳ್ಳಬಹುದು. ಬೆಳಗಾವಿಯವರು ಖಾನಾಪುರ, ರಾಮನಗರ, ಜೋಯಿಡಾ, ಕದ್ರಾ ಮಾರ್ಗವಾಗಿ ಇಳಿಯಬಹುದು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡಿನ ನಡುವೆ, ಅಣಶಿ ಘಾಟಿನ ತಿರುವುಗಳಲ್ಲಿ ಸಾಗುವ ದಾರಿಯಾದ್ದರಿಂದ ಹಗಲಿನಲ್ಲಿಯೇ ಮುಗಿಸಿ. ಗೋವಾದ ಮೇಲೆ ಹೋಗುವ ರೂಢಿಯೂ ಇದೆ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಗಡಿಯೊಳಗೆ ಮಾತ್ರ ಸಲ್ಲುವುದರಿಂದ ಮಹಿಳೆಯರು ಇದನ್ನು ಗಮನಿಸಬೇಕು. ರೈಲಿನಲ್ಲಿ ಹೋಗುವವರು ಲೋಂಡಾ, ಮಡಗಾಂವ್ ಮೂಲಕ ಕೊಂಕಣ ರೈಲು ಹಿಡಿಯಬೇಕು. ಕಾರವಾರದ ರೈಲು ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. ಅಲ್ಲಿಂದ ಆಟೊ ಬೇಕಾಗುತ್ತದೆ.

ಹಿಂದಿನ ರಾತ್ರಿ ಕಾರವಾರದಲ್ಲಿಯೇ ತಂಗಿ, ಚೆನ್ನಾಗಿ ನಿದ್ರೆ ಮಾಡಿ. ನಿದ್ದೆಗೆಟ್ಟವರಿಗೆ ದೋಣಿಯಲ್ಲಿ ಹೊಟ್ಟೆ ತೊಳಸುವುದು ಹೆಚ್ಚು.

ಹಂತ 4: ಏನು ಒಯ್ಯಬೇಕು, ಏನು ಒಯ್ಯಬಾರದು

ಹರಕೆಯ ಬಾಳೆಗೊನೆಯನ್ನು ಊರಿನಿಂದ ಹೊತ್ತುಕೊಂಡು ಹೋಗುವುದು ಬೇಡ. ಘಾಟಿನ ತಿರುವುಗಳಲ್ಲಿ ಅದು ಜಜ್ಜಿಹೋಗುತ್ತದೆ. ಕಾರವಾರದ ಪೇಟೆಯಲ್ಲಿ ಹಿಂದಿನ ಸಂಜೆಯೇ ಕೊಂಡುಕೊಳ್ಳಿ. ಗೊನೆಯೇ ಆಗಬೇಕೆಂಬ ಕಡ್ಡಾಯವನ್ನು ನಿಮ್ಮ ಮೇಲೆ ನೀವೇ ಹೇರಿಕೊಳ್ಳಬೇಡಿ. ಅದು ಮೀನುಗಾರರ ಹರಕೆ. ದೂರದಿಂದ ಬಂದವರು ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ, ಹೂವು ಕೊಟ್ಟರೂ ಸಾಕು. ಗೊನೆ ಒಯ್ಯುವುದಾದರೆ ದೋಣಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ಖಲಾಸಿಯ ಕೈಗೆ ಕೊಟ್ಟು, ಅವನು ಹೇಳಿದ ಕಡೆ ಇರಿಸಿ. ನಿಮ್ಮ ಎರಡೂ ಕೈಗಳು ಹಿಡಿದುಕೊಳ್ಳಲು ಖಾಲಿ ಇರಬೇಕು.

ಕುಡಿಯುವ ನೀರನ್ನು ಆಳಿಗೆ ಎರಡು ಲೀಟರಿನಂತೆ ಒಯ್ಯಿರಿ. ದ್ವೀಪದ ಮೇಲೆ ಊರಿನ ಅನುಕೂಲಗಳನ್ನು ನಿರೀಕ್ಷಿಸಬೇಡಿ. ಬುತ್ತಿಗೆ ಒಣ ತಿನಿಸು ಒಳ್ಳೆಯದು: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರಮುರಿ ಸಾಕು. ಔಷಧ ತೆಗೆದುಕೊಳ್ಳುವವರು ಆ ದಿನದ ಗುಳಿಗೆಗಳನ್ನು ನೀರು ಸೋಕದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಮೊಬೈಲಿಗೆ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ, ತಲೆಗೆ ಬಟ್ಟೆ, ಗುರುತಿನ ಚೀಟಿ, ಜೊತೆಗೆ ಮನೆಯವರ ಫೋನ್ ಸಂಖ್ಯೆ ಬರೆದ ಒಂದು ಕಾಗದ ಪ್ರತಿಯೊಬ್ಬರ ಜೇಬಿನಲ್ಲಿಯೂ ಇರಲಿ.

ಬೋರಮಾಳ, ಪಾಟ್ಲಿ, ಬಿಲ್ವಾರಗಳನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಕಾಲಿಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಪಾದರಕ್ಷೆ ಇರಲಿ. ಡ್ರೋನ್ ಒಯ್ಯಬೇಡಿ, ಕಾರವಾರದಲ್ಲಿ ನೌಕಾಪಡೆಯ ದೊಡ್ಡ ನೆಲೆಯಿದ್ದು, ಅನುಮತಿಯಿಲ್ಲದೆ ಹಾರಿಸಿದರೆ ಜಾತ್ರೆಯ ದಿನ ಠಾಣೆಯಲ್ಲಿ ಕಳೆಯಬೇಕಾದೀತು. ಮದ್ಯ ಕುಡಿದವರನ್ನು, ಅವರು ಎಷ್ಟೇ ಹತ್ತಿರದ ನೆಂಟರಾಗಿದ್ದರೂ, ನಿಮ್ಮ ಗುಂಪಿನ ಜೊತೆ ದೋಣಿಗೆ ಹತ್ತಿಸಬೇಡಿ.

ಹಂತ 5: ಹಿಂದಿನ ಸಂಜೆ ಹವಾಮಾನ ವಿಚಾರಿಸಿ

ಜನವರಿಯಲ್ಲಿ ಈ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಆದರೆ ಸಾಮಾನ್ಯ ಎಂಬ ಮಾತನ್ನು ನಂಬಿ ನೀರಿಗಿಳಿಯಬಾರದು. ಭಾರತೀಯ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ, ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಪ್ರಕಟಿಸುವ ಅಲೆಗಳ ಮುನ್ಸೂಚನೆಯನ್ನೂ ಫೋನಿನಲ್ಲಿಯೇ ನೋಡಬಹುದು. ಅದು ತಿಳಿಯದಿದ್ದರೆ ಧಕ್ಕೆಗೆ ಹೋಗಿ ಬಲೆ ಸರಿಪಡಿಸುತ್ತ ಕುಳಿತ ಹಿರಿಯರನ್ನು ಕೇಳಿ. ‘ನಾಳೆ ಗಾಳಿ ಹೇಗಿರುತ್ತದೆ?’ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನು, ದೋಣಿಗೆ ಜನ ಕೂಗುವವನ ಮಾತಿಗಿಂತ ಹೆಚ್ಚು ನಂಬಿ. ಅದೇ ಸಂಜೆ, ಈ ವರ್ಷ ಪ್ರಯಾಣಿಕರಿಗೆ ಯಾವ ಧಕ್ಕೆಯಿಂದ ದೋಣಿ ಬಿಡುತ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನೂ ಬಂದರಿನಲ್ಲಿ ಅಥವಾ ಪೊಲೀಸರಲ್ಲಿ ಕೇಳಿ ತಿಳಿದುಕೊಳ್ಳಿ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಿನಲ್ಲಿದೆ, ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ಹಂತ 6: ದೋಣಿಯನ್ನು ಆರಿಸಿಕೊಳ್ಳುವುದು

ಇಡೀ ಪ್ರಯಾಣದಲ್ಲಿ ನೀವು ಮಾಡುವ ಅತ್ಯಂತ ಮುಖ್ಯವಾದ ಆಯ್ಕೆ ಇದು, ಇದನ್ನು ಅವಸರದಲ್ಲಿ ಮಾಡಬಾರದು.

ನಮ್ಮ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಮೂವತ್ತು ಮಂದಿ ಕುಳಿತಿದ್ದರೂ ‘ಇನ್ನೊಬ್ಬರಿಗೆ ಜಾಗಾ ಆಗತೈತಿ, ಸರೀರಿ’ ಎಂದು ಹತ್ತಿಸಿಕೊಳ್ಳುವುದು ಪ್ರೀತಿಯ ರೂಢಿ. ನೆಲದ ಮೇಲೆ ಅದು ಬಹುಪಾಲು ನಡೆದುಹೋಗುತ್ತದೆ. ನೀರಿನ ಮೇಲೆ ನಡೆಯುವುದಿಲ್ಲ. ದೋಣಿಯಲ್ಲಿ ಭಾರ ಹೆಚ್ಚಾದಷ್ಟೂ ಅದರ ಅಂಚು ನೀರಿಗೆ ಹತ್ತಿರವಾಗುತ್ತದೆ, ಆಗ ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ. ಒಳಗೆ ಬಂದ ನೀರು ದೋಣಿ ವಾಲಿದ ಕಡೆಗೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ನಿಂತವರು ಹೆಚ್ಚಾದರಂತೂ ಭಾರವೆಲ್ಲ ಮೇಲಕ್ಕೆ ಏರಿ ದೋಣಿ ಮಗುಚುವುದು ಸುಲಭವಾಗುತ್ತದೆ. ನಮ್ಮ ಆ ಪ್ರೀತಿಯ ರೂಢಿಯನ್ನು ಆ ಒಂದು ದಿನ ದಡದಲ್ಲಿ ಬಿಟ್ಟು ಹೋಗಿ ಎಂದು ಕೈಮುಗಿದು ಕೇಳುತ್ತೇನೆ.

ಹತ್ತುವ ಮೊದಲು ಈ ಸಂಗತಿಗಳನ್ನು ನೋಡಿಕೊಳ್ಳಿ. ದೋಣಿಯ ಮೈಮೇಲೆ ‘ಐಎನ್‌ಡಿ ಕೆಎ’ ಎಂಬ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆ ಬರೆದಿರಬೇಕು. ಅದನ್ನು ಫೋಟೊ ತೆಗೆದು ದಡದಲ್ಲಿ ಉಳಿದವರಿಗೆ ಕಳುಹಿಸಿ. ಎಷ್ಟು ಜನರಿಗೆ ಅನುಮತಿಯಿದೆ ಎಂದು ತಾಂಡೇಲನನ್ನೇ ಕೇಳಿ, ಹತ್ತಿದವರನ್ನು ಎಣಿಸಿ, ಮಕ್ಕಳನ್ನೂ ಒಂದೊಂದು ತಲೆಯೆಂದೇ ಲೆಕ್ಕ ಹಿಡಿಯಿರಿ. ‘ಮಕ್ಕಳು ಲೆಕ್ಕಕ್ಕಿಲ್ಲ’ ಎನ್ನುವ ದೋಣಿಯನ್ನು ಬಿಟ್ಟುಬಿಡಿ. ಎಣಿಸಿದಷ್ಟು ತಲೆಗಳಿಗೂ ಲೈಫ್ ಜಾಕೆಟ್ ಇದೆಯೇ, ಅವು ಕಟ್ಟಿನಲ್ಲಿ ಸುತ್ತಿಟ್ಟಿವೆಯೋ ಕೈಗೆ ಸಿಗುವಂತಿವೆಯೋ ಎಂದು ಕಣ್ಣಾರೆ ನೋಡಿ.

ಜನರು ಧಕ್ಕೆಯಿಂದ ನೂಕುತ್ತಿದ್ದರೆ ಪಕ್ಕಕ್ಕೆ ಸರಿದು ಮುಂದಿನ ದೋಣಿಗೆ ಕಾಯಿರಿ. ಕುಟುಂಬ ದೊಡ್ಡದಿದ್ದು ಒಂದೇ ದೋಣಿಯಲ್ಲಿ ಹಿಡಿಯದಿದ್ದರೆ ಎರಡರಲ್ಲಿ ಹಂಚಿಕೊಂಡು ಹೋಗುವುದೇ ಸರಿ. ಎಲ್ಲರೂ ಒಟ್ಟಿಗೇ ಇರಬೇಕೆಂಬ ಹಟವೇ ದೋಣಿಗಳನ್ನು ತುಂಬಿಸುತ್ತದೆ. ಹಾಗೆ ಹಂಚಿಕೊಳ್ಳುವಾಗ ಪ್ರತಿ ಮಗುವಿನ ಜೊತೆಗೂ ಒಬ್ಬ ದೊಡ್ಡವರು ಇರುವಂತೆ ನೋಡಿಕೊಳ್ಳಿ, ಒಬ್ಬರ ಮೇಲೆ ಇಬ್ಬರು ಮಕ್ಕಳ ಹೊಣೆ ಬೀಳದಿರಲಿ.

ಹಂತ 7: ಲೈಫ್ ಜಾಕೆಟ್ ತೊಡುವ ಬಗೆ

ಲೈಫ್ ಜಾಕೆಟ್ ಎಂದರೆ ನೀರಿನಲ್ಲಿ ತೇಲಿಸುವ ಅಂಗಿ. ಅದನ್ನು ಹೆಗಲಿಗೆ ನೇತುಹಾಕಿಕೊಂಡರೆ ತೊಟ್ಟಂತಾಗುವುದಿಲ್ಲ. ಎಲ್ಲ ಗುಂಡಿ, ಪಟ್ಟಿಗಳನ್ನು ಬಿಗಿದ ಮೇಲೆ ಇನ್ನೊಬ್ಬರಿಂದ ಹೆಗಲಿನ ಭಾಗವನ್ನು ಮೇಲಕ್ಕೆ ಎಳೆಸಿ ನೋಡಿ. ಅದು ಗದ್ದ ಕಿವಿಗಳವರೆಗೆ ಏರಿದರೆ ಸಡಿಲವಾಗಿದೆ ಎಂದರ್ಥ, ನೀರಿಗೆ ಬಿದ್ದ ತಕ್ಷಣ ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ತೊಡೆಯ ನಡುವೆ ಹಾಯುವ ಪಟ್ಟಿಯಿದ್ದರೆ ಸಂಕೋಚಪಡದೆ ಅದನ್ನೂ ಕಟ್ಟಿಕೊಳ್ಳಿ. ದೊಡ್ಡವರ ಜಾಕೆಟ್ ಮಕ್ಕಳಿಗೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ; ಮಗುವಿನ ಅಳತೆಯದು ಸಿಗದಿದ್ದರೆ ಮಗು ದಡದಲ್ಲಿಯೇ ಉಳಿಯಬೇಕು, ಜೊತೆಗೆ ಒಬ್ಬರು.

ನಾನು ಮೊದಲ ಸಲ ಹೋದಾಗ ನಮ್ಮ ಸೋದರತ್ತೆಯವರು ಜಾಕೆಟ್ಟಿನ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದು ಕುಳಿತಿದ್ದರು. ತಾಂಡೇಲ ದೋಣಿಯ ಹಗ್ಗ ಬಿಚ್ಚದೆ, ‘ಅಮ್ಮಾ, ಸೆರಗು ಒಳಗೆ, ಜಾಕೆಟ್ ಹೊರಗೆ’ ಎಂದು ನಯವಾಗಿ ಹೇಳಿ ಸರಿಪಡಿಸಿದ ಮೇಲೆಯೇ ಹೊರಟ. ಅಂತಹ ತಾಂಡೇಲ ಸಿಕ್ಕರೆ ಅವನ ದೋಣಿಯನ್ನು ಬಿಡಬೇಡಿ. ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಯನ್ನು ಕಾಲಿಗೆ ತೊಡರದಂತೆ ಎತ್ತಿ ಕಟ್ಟಿಕೊಳ್ಳಬೇಕು. ಕಚ್ಚೆ ಹಾಕಿದರೆ ಇನ್ನೂ ಒಳ್ಳೆಯದು.

‘ನನಗೆ ಈಜು ಬರುತ್ತದೆ, ಜಾಕೆಟ್ ಏಕೆ?’ ಎಂಬ ಮಾತು ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳ ಹುಡುಗರಿಂದ ತಪ್ಪದೆ ಬರುತ್ತದೆ. ಹೊಳೆಯಲ್ಲಿ ಸೆಳವು ಒಂದೇ ದಿಕ್ಕಿಗಿರುತ್ತದೆ, ದಂಡೆ ಕಣ್ಣಿಗೆ ಕಾಣುತ್ತಿರುತ್ತದೆ. ಅಳಿವೆಯಲ್ಲಿ ಸೆಳವು ಒಂದು ಕಡೆ, ಗಾಳಿ ಇನ್ನೊಂದು ಕಡೆ, ಅಲೆ ಮುಖಕ್ಕೆ ಹೊಡೆಯುತ್ತಿರುವಾಗ ಉಸಿರು ಕಟ್ಟುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹರಗೋಲು ಹಾಕುವವರೂ ಈ ಜಾಕೆಟ್ ತೊಡಲೇಬೇಕು.

ಹಂತ 8: ದೋಣಿಯಲ್ಲಿ

ಹತ್ತುವಾಗ ಖಲಾಸಿಯ ಕೈ ಹಿಡಿದು, ದೋಣಿಯ ನಡುಭಾಗಕ್ಕೆ ಕಾಲಿಟ್ಟು, ಕೂಡಲೇ ಕುಳಿತುಬಿಡಿ. ಹೊರಟ ಮೇಲೆ ಎದ್ದು ನಿಲ್ಲಬಾರದು. ದ್ವೀಪ ಹತ್ತಿರವಾದಾಗ, ಪಕ್ಕದಲ್ಲಿ ಸಿಂಗರಿಸಿದ ದೋಣಿಯೊಂದು ಹಾದುಹೋದಾಗ, ಎಲ್ಲರೂ ಒಂದೇ ಬದಿಗೆ ಸರಿದು ಸೆಲ್ಫಿಗೆ ಕೈಚಾಚುವುದು ಬಹಳ ಅಪಾಯದ ಗಳಿಗೆ. ನೀರಿನ ಹನಿ ಸಿಡಿದರೂ ಹಾಗೆಯೇ, ಹೆದರಿದವರೆಲ್ಲ ಒಟ್ಟಿಗೆ ಇನ್ನೊಂದು ಬದಿಗೆ ಜರುಗುತ್ತಾರೆ. ಮೈ ನೆನೆದರೆ ನೆನೆಯಲಿ, ಕುಳಿತಲ್ಲಿಯೇ ಕುಳಿತಿರಿ.

ಹೊಟ್ಟೆ ತೊಳಸುವವರು ದೋಣಿಯ ನಡುವೆ ಅಥವಾ ಹಿಂಭಾಗದಲ್ಲಿ ಕುಳಿತು, ಫೋನು ನೋಡದೆ, ದೂರದಲ್ಲಿ ಆಕಾಶವೂ ನೀರೂ ಕೂಡುವ ಗೆರೆಯ ಮೇಲೆ ದೃಷ್ಟಿ ಇಡಬೇಕು. ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರವಾಗಿ ತಿಂದಿರುವುದು ಖಾಲಿ ಹೊಟ್ಟೆಗಿಂತಲೂ ತುಂಬಿದ ಹೊಟ್ಟೆಗಿಂತಲೂ ಒಳ್ಳೆಯದು. ಹುಣ್ಣಿಮೆಯ ಉಪವಾಸ ಮಾಡುವವರು ಹಣ್ಣನ್ನಾದರೂ ತೆಗೆದುಕೊಳ್ಳಿ. ವಾಂತಿ ಬಂದರೆ ಅಂಚಿಗೆ ಬಾಗದೆ ಚೀಲದಲ್ಲಿಯೇ ಮಾಡಿಕೊಳ್ಳಿ.

ತುರ್ತಿನಲ್ಲಿ ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಭಾರತೀಯ ತಟರಕ್ಷಣಾ ಪಡೆಯ ಸಂಖ್ಯೆ 1554. ಇವನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಅಕಸ್ಮಾತ್ ದೋಣಿ ಮಗುಚಿದರೆ ದಡಕ್ಕೆ ಈಜಲು ಹೋಗದೆ, ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಂಡು, ಒಬ್ಬರನ್ನೊಬ್ಬರು ಕೂಗುತ್ತ ಗುಂಪಾಗಿ ಇರಬೇಕು. ಹಾಗಿದ್ದರೆ ಹುಡುಕಿ ಬರುವವರ ಕಣ್ಣಿಗೆ ಬೇಗ ಬೀಳುತ್ತೀರಿ.

ಹಂತ 9: ದ್ವೀಪದ ಮೇಲೆ

ಇಳಿದ ಕೂಡಲೇ ನಿಮ್ಮ ಗುಂಪು ಮತ್ತೆ ಎಲ್ಲಿ, ಎಷ್ಟು ಗಂಟೆಗೆ ಸೇರಬೇಕೆಂದು ಗೊತ್ತುಮಾಡಿ. ಫೋನಿನ ಸಂಪರ್ಕವನ್ನು ನೆಚ್ಚಿಕೊಳ್ಳಬೇಡಿ. ಗುಡಿಯ ಬಳಿ ಮೀನುಗಾರ ಕುಟುಂಬಗಳು ಹರಕೆ ಒಪ್ಪಿಸುತ್ತಿರುವಾಗ ಅವರಿಗೆ ದಾರಿ ಬಿಡಿ. ವರ್ಷವಿಡೀ ಈ ನೀರಿನ ಮೇಲೆ ಜೀವ ಪಣಕ್ಕಿಟ್ಟು ದುಡಿಯುವವರು ಅವರು, ಅಲ್ಲಿ ನಾವು ಅವರ ಮನೆಗೆ ಬಂದ ಅತಿಥಿಗಳು. ಅವರೊಳಗೆ ಕೊಂಕಣಿ ಮಾತನಾಡಿದರೂ ಕನ್ನಡ ಎಲ್ಲರಿಗೂ ತಿಳಿಯುತ್ತದೆ, ಸಂಕೋಚವಿಲ್ಲದೆ ಕೇಳಿ. ಫೋಟೊ ತೆಗೆಯುವ ಮೊದಲು ಒಂದು ಮಾತು ಅನುಮತಿ ಕೇಳಿದರೆ ಬಾಳೆಹಣ್ಣಿನ ಪ್ರಸಾದವನ್ನೂ ಕೈಗಿಟ್ಟು ಕಳುಹಿಸುತ್ತಾರೆ.

ದ್ವೀಪದ ಸುತ್ತಲಿನ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಇಳಿದು ಸಮುದ್ರಸ್ನಾನ ಮಾಡುವುದು ಬೇಡ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಬಿಟ್ಟು ಬರಬೇಡಿ. ನಾವು ಎಸೆದ ಚೀಲ ನಾಳೆ ಅದೇ ಮೀನುಗಾರರ ಬಲೆಗೆ ಬೀಳುತ್ತದೆ.

ಹಂತ 10: ಮರಳುವುದು

2019ರ ದೋಣಿ ಮಗುಚಿದ್ದು ಮರಳುವಾಗ. ಅದಕ್ಕಾಗಿ ಈ ಹಂತವನ್ನು ಎರಡು ಸಲ ಓದಿ.

ಬೆಳಿಗ್ಗೆ ನೀವು ಹೋಗುವಾಗ ಕಂಡ ಸಮುದ್ರವೇ ಮಧ್ಯಾಹ್ನದ ಮೇಲೆ ಇರುವುದಿಲ್ಲ. ಚಳಿಗಾಲದ ಮುಂಜಾನೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತಿರುತ್ತದೆ, ನೀರು ತಟ್ಟೆಯಂತೆ ಸಮವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ಸಮುದ್ರದ ಕಡೆಯಿಂದ ತಿರುಗಿ ಬೀಸಿ, ಮಧ್ಯಾಹ್ನದ ಹೊತ್ತಿಗೆ ಅಲೆಗಳನ್ನು ಎಬ್ಬಿಸುತ್ತದೆ. ಇದೇ ಹೊತ್ತಿನಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ: ಈ ಕರಾವಳಿಯಲ್ಲಿ ಹುಣ್ಣಿಮೆಯ ದಿನ ನೀರು ಸಾಮಾನ್ಯವಾಗಿ ನಡುಹಗಲಿನ ಆಸುಪಾಸಿನಲ್ಲಿ ಪೂರ್ತಿ ಏರಿ, ಅಲ್ಲಿಂದ ಸಂಜೆಯವರೆಗೆ ಇಳಿಯುತ್ತ ಹೋಗುತ್ತದೆ. ಇಳಿತದ ಸೆಳವು ಅಳಿವೆಯಿಂದ ಹೊರಗೆ ಹರಿಯುತ್ತಿದ್ದರೆ ಗಾಳಿ ಒಳಗೆ ತಳ್ಳುತ್ತಿರುತ್ತದೆ. ಎರಡೂ ಎದುರುಬದುರಾದಲ್ಲಿ ಅಲೆಗಳು ಗಿಡ್ಡಗೆ, ಕಡಿದಾಗಿ, ಒಂದರ ಹಿಂದೊಂದು ಒತ್ತೊತ್ತಾಗಿ ಏಳುತ್ತವೆ. ನೀರು ಇಳಿದು ಅಳಿವೆಯ ಮರಳುದಿಬ್ಬದ ಮೇಲೆ ಆಳ ಕಡಿಮೆಯಾದರೆ ಅವು ಅಲ್ಲಿಯೇ ಒಡೆಯುತ್ತವೆ. ತುಂಬಿದ ದೋಣಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ.

ಈ ಕಾರಣದಿಂದ ನಸುಕಿನಲ್ಲಿ ಬಿಡುವ ಮೊದಲ ದೋಣಿಗಳಲ್ಲಿ ಹೋಗಿ, ದರ್ಶನ ಮುಗಿಸಿ, ನಡುಹಗಲಿಗೆ ಮೊದಲೇ ದಡ ಸೇರುವಂತೆ ಯೋಜನೆ ಹಾಕಿಕೊಳ್ಳಿ. ಬುತ್ತಿಯನ್ನು ದ್ವೀಪದಲ್ಲಿ ಹರವಿಕೊಂಡು ಕೂಡದೆ ದಡಕ್ಕೆ ಬಂದು ಉಣ್ಣಿ. ಅಕಸ್ಮಾತ್ ತಡವಾದರೆ, ಎಲ್ಲರೂ ಒಟ್ಟಿಗೆ ಮರಳುವ ಹೊತ್ತಿನ ನೂಕುನುಗ್ಗಲಿನಲ್ಲಿ ಸೇರಬೇಡಿ. ಊರಿನ ಬಸ್ಸು ತಪ್ಪಿದರೆ ಮರುದಿನ ಇನ್ನೊಂದು ಇರುತ್ತದೆ. ಹೋಗುವಾಗ ಎಣಿಸಿದಂತೆಯೇ ಬರುವಾಗಲೂ ತಲೆ ಎಣಿಸಿ, ಜಾಕೆಟ್ ಪಟ್ಟಿಗಳನ್ನು ಮತ್ತೆ ಬಿಗಿದು ನೋಡಿ. ಬಿಸಿಲಿಗೆ ಬೇಸತ್ತು, ದರ್ಶನವಾಯಿತೆಂಬ ನಿರಾಳದಲ್ಲಿ ಜಾಕೆಟ್ ಕಳಚಿ ತೊಡೆಯ ಮೇಲೆ ಇಟ್ಟುಕೊಳ್ಳುವವರನ್ನು ಪ್ರತಿ ವರ್ಷವೂ ನೋಡುತ್ತೇನೆ. ಅವರು ನಿಮ್ಮ ಗುಂಪಿನವರಾಗಿರದಿದ್ದರೂ ಹೇಳಿ ತೊಡಿಸಿ. ಹೆಚ್ಚು ಜನ ಹತ್ತಿದ್ದಾರೆಂದು ನಿಮ್ಮ ಕಣ್ಣಿಗೆ ಕಂಡರೆ ಯಾರು ಏನೇ ಅಂದುಕೊಂಡರೂ ಇಳಿದುಬಿಡಿ, ದುಡ್ಡು ಕೊಟ್ಟಾಗಿದ್ದರೂ ಸರಿ, ಇಳಿದುಬಿಡಿ.

ಧಕ್ಕೆಯ ಮೇಲೆ ಎರಡೂ ಕಾಲು ಊರಿದ ಮೇಲೆಯೇ ಜಾಕೆಟ್ ಬಿಚ್ಚಿ ಖಲಾಸಿಯ ಕೈಗೆ ಕೊಡಿ. ಎರಡು ದೋಣಿಗಳಲ್ಲಿ ಹಂಚಿಹೋಗಿದ್ದರೆ ಎರಡನೆಯದು ಬರುವವರೆಗೆ ಅಲ್ಲಿಯೇ ನಿಂತು, ಎಲ್ಲರನ್ನೂ ಹೆಸರು ಹಿಡಿದು ಕರೆದು ಎಣಿಸಿ, ಊರಿನಲ್ಲಿ ದಾರಿ ಕಾಯುತ್ತಿರುವವರಿಗೆ ಫೋನು ಮಾಡಿ, ಆಮೇಲೆ ಬುತ್ತಿ ಬಿಚ್ಚಿ.